ಬಿಸಿಲಿಗಾಗಿ ಕಾದ ಜಿಪ್ಸಿ

ಕೊಡಗಿನ ಮಳೆಗಾಲದಲ್ಲಿ ಒಣಗದ ವಸ್ತುಗಳ ಪಟ್ಟಿ ಬಲು ದೊಡ್ಡದು. ಶಾಲೆಯ ಸಮವಸ್ತ್ರ ಒಣಗುವುದಿಲ್ಲ, ಕೊಡೆ ಒಣಗುವುದಿಲ್ಲ, ಒಲೆಯ ಪಕ್ಕದಲ್ಲೇ ಇಟ್ಟ ಸೌದೆಯೂ ಒಣಗುವುದಿಲ್ಲ. ಗೋಣಿಕೊಪ್ಪಲಿನಾಚೆಯ ಒಂದು ತೋಟದ ಮನೆಯಲ್ಲಿ ಆ ವರ್ಷ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿತ್ತು. ಅದು ಮುಕ್ಕಾಲು ಗೇಣುದ್ದದ ಒಂದು ಮಾರುತಿ ಜಿಪ್ಸಿ.

ಅದನ್ನು ಕಟ್ಟಲು ಹೊರಟವನು ಆ ಮನೆಯ ಹುಡುಗ, ಹತ್ತನೆಯ ತರಗತಿಯ ವಿದ್ಯಾರ್ಥಿ. ರೇಸ್ ಕಾರೆಂದರೆ ಎಲ್ಲರಿಗೂ ಫಾರ್ಮುಲಾ ಒನ್ ನೆನಪಾಗುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟ್‌ನಲ್ಲಿ 2011ರಿಂದ 2013ರವರೆಗೆ ಮೂರು ಬಾರಿ ಇಂಡಿಯನ್ ಗ್ರ್ಯಾನ್ ಪ್ರಿ ನಡೆದದ್ದು, ಮೂರನ್ನೂ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಗೆದ್ದದ್ದು ಇವನಿಗೂ ಬಾಯಿಪಾಠ. ಆದರೆ ಅವನು ಕಣ್ಣಾರೆ ಕಂಡದ್ದು ಗದ್ದೆಯಲ್ಲಿ ನಡೆಯುವ ಆಟೋಕ್ರಾಸ್ ಮತ್ತು ತೋಟದ ರಸ್ತೆಗಳ ರ್‍ಯಾಲಿ. ಅಲ್ಲಿ ಕೆಸರೆರಚುತ್ತಾ ತಿರುವಿನಲ್ಲಿ ಎರಡು ಚಕ್ರ ಎತ್ತಿಕೊಂಡು ಬರುವುದು ಜಿಪ್ಸಿ. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿಯನ್ನು ಸಾರ್ವಜನಿಕರಿಗೆ ಮಾರುವುದು 2019ರ ಹೊತ್ತಿಗೆ ನಿಂತಿತು. ಕೊಡಗಿನ ತೋಟಗಳಿಂದ ಮಾತ್ರ ಅದು ಇನ್ನೂ ಇಳಿದು ಹೋಗಿಲ್ಲ.

ಕಾರಿನ ಮಾದರಿಗಳನ್ನು ಜೋಡಿಸುವ ಹವ್ಯಾಸ ಹೊರದೇಶಗಳಲ್ಲಿ ಹಳೆಯದು. 1946ರಲ್ಲಿ ಮರದ ಕಾರ್ಖಾನೆಯಾಗಿ ಆರಂಭವಾದ ಜಪಾನಿನ ತಾಮಿಯಾ ಕಂಪನಿ, 1967ರಲ್ಲಿ ಹೋಂಡಾ ಫಾರ್ಮುಲಾ ಒನ್ ಕಾರನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿ, ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಿತು. ಅಂಥ ಪೆಟ್ಟಿಗೆಗಳು ಈಗ ನಮ್ಮಲ್ಲೂ ಸಿಗುತ್ತವೆ. ಆದರೆ ಬೆಲೆ ಕೇಳಿದರೆ ಮಧ್ಯಮ ವರ್ಗದ ತಂದೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಮೇಲಾಗಿ ಹುಡುಗ ಹುಡುಕಿದ ಅಂಗಡಿಗಳಲ್ಲಿ ರ್‍ಯಾಲಿ ಜಿಪ್ಸಿ ಇರಲೇ ಇಲ್ಲ. ಇಲ್ಲದ್ದನ್ನು ತಾನೇ ಮಾಡಿಕೊಳ್ಳಬೇಕಷ್ಟೆ.

ಮೇ ತಿಂಗಳ ರಜೆಯಲ್ಲಿ ಕೆಲಸ ಶುರುವಾಯಿತು. ನೆರೆಮನೆಯ ಜಿಪ್ಸಿಯ ಕೆಳಗೆ ಹುಡುಗ ತೂರಿಕೊಂಡ. ಟೇಪಿನ ಇನ್ನೊಂದು ತುದಿ ಹಿಡಿದವರು ಅಜ್ಜ. ಉದ್ದ 4010 ಮಿಲಿಮೀಟರ್, ಅಗಲ 1540, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2375. ಇಪ್ಪತ್ನಾಲ್ಕರಿಂದ ಭಾಗಿಸಿದರೆ 167, 64, 99. ಗಣಿತದ ಪುಸ್ತಕದಲ್ಲಿ ಆಕಳಿಸುತ್ತಾ ಬಿಡಿಸಿದ ಅನುಪಾತದ ಲೆಕ್ಕ ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಮುಖ ತೋರಿಸಿಬಿಡುತ್ತಿತ್ತು. ಮೊದಲು ಮಾಡಿದ ರಟ್ಟಿನ ಜಿಪ್ಸಿ, ಬಾನೆಟ್ಟು ಗಿಡ್ಡವಾಗಿ, ಮೂಗು ಜಜ್ಜಿದಂತೆ ಕಂಡಿತು. ಅಜ್ಜ ನೋಡಿ, “ಇದು ಎಲ್ಲಿಗೋ ಗುದ್ದಿದ ಗಾಡಿ” ಎಂದರು. ಹುಡುಗ ಮತ್ತೆ ಅಳೆದ.

ಸಾಮಾನು ಸರಂಜಾಮು ಮನೆಯಲ್ಲೇ ಇತ್ತು. ಐಸ್‌ಕ್ರೀಮ್ ಡಬ್ಬಿಯ ಪ್ಲಾಸ್ಟಿಕ್ ಬಾಗಿಲುಗಳಾಯಿತು. ಖಾಲಿಯಾದ ಪೆನ್ನಿನ ರೀಫಿಲ್ ಹೊಗೆಕೊಳವೆಯಾಯಿತು. ಅಜ್ಜನ ಬಿ.ಪಿ. ಮಾತ್ರೆಯ ಪಟ್ಟಿಯಲ್ಲಿ ಉಬ್ಬಿಕೊಂಡಿದ್ದ ಪಾರದರ್ಶಕ ಗುಳ್ಳೆಗಳು ರ್‍ಯಾಲಿ ಗಾಡಿಯ ಮುಂದಿನ ದೊಡ್ಡ ದೀಪಗಳಾದವು. ಹಳೆಯ ಚಹಾ ಸೋಸುವ ಜಾಲರಿ ಗ್ರಿಲ್ ಆಯಿತು. ಸಂದುಗಳಿಗೆ ಎಂ-ಸೀಲ್, ಅದರ ಮೇಲೆ ನೀರು ಹಾಕಿ ಉಜ್ಜುವ ವಾಟರ್ ಪೇಪರ್. ಮಡಿಕೇರಿ ದಸರಾದ ದಶಮಂಟಪಗಳಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ, ದೇವರು ದಾನವರನ್ನು ಅಲುಗಾಡಿಸುವ ಹುಡುಗರ ಜಿಲ್ಲೆ ಇದು. ಕೈಯಲ್ಲಿ ಮಾಡಿ ನೋಡುವ ಗೀಳು ಇಲ್ಲಿನ ಮಣ್ಣಿನಲ್ಲೇ ಇದೆಯೆನ್ನಿ.

ಜುಲೈ ಕೊನೆಗೆ ಕಿರುಪರೀಕ್ಷೆಯ ಅಂಕಪಟ್ಟಿ ಬಂತು. ಗಣಿತದಲ್ಲಿ 50ಕ್ಕೆ 19.

ತಂದೆ ಕೂಗಾಡುವ ಜನವಲ್ಲ. ಅಂಕಪಟ್ಟಿಗೆ ಸಹಿ ಹಾಕಿ, ಮೇಜಿನ ಮೇಲಿದ್ದ ಅರ್ಧ ಜಿಪ್ಸಿಯನ್ನು ಕೈಗೆತ್ತಿಕೊಂಡು, “ಆಗಸ್ಟ್ 15ರೊಳಗೆ ಈ ಆಟಿಕೆ ಮುಗಿಯಬೇಕು. ಇಲ್ಲವಾದರೆ ಅಟ್ಟಕ್ಕೆ ಹೋಗುತ್ತದೆ” ಎಂದರು. ಆ ಮಾತಿನ ಹಿಂದೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಒಂದು ವರ್ಷ ಅಕಾಲ ಮಳೆ, ಇನ್ನೊಂದು ವರ್ಷ ಆನೆ, ಮತ್ತೊಂದು ವರ್ಷ ಕೆಲಸಕ್ಕೆ ಜನವಿಲ್ಲ. ತೋಟವೊಂದನ್ನೇ ನಂಬಿ ಮಗ ಬದುಕಬಲ್ಲನೆಂಬ ಧೈರ್ಯ ಅವರಿಗಿರಲಿಲ್ಲ. ಈ ಭಯ ಯಾವ ಮನೆಯಲ್ಲಿಲ್ಲ?

ಆಟಿಕೆ ಎಂದದ್ದು ಹುಡುಗನಿಗೆ ಅಂಕಕ್ಕಿಂತ ಹೆಚ್ಚು ನೋಯಿಸಿತು. ನಿಜ ಹೇಳಬೇಕೆಂದರೆ, ಫಾರ್ಮುಲಾ ಒನ್ ತಂಡಗಳು ಕೂಡ ಗಾಳಿಸುರಂಗದಲ್ಲಿ ಪರೀಕ್ಷಿಸುವುದು ಪೂರ್ಣ ಗಾತ್ರದ ಕಾರನ್ನಲ್ಲ, ಮಾದರಿಯನ್ನು. ಆ ಮಾದರಿ ಕಾರಿನ ಶೇಕಡ 60ಕ್ಕಿಂತ ದೊಡ್ಡದಿರಬಾರದು, ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್ ದಾಟಬಾರದು ಎಂದು ನಿಯಮವೇ ಇದೆ. ಆದರೆ 50ಕ್ಕೆ 19 ತಂದ ಮಗ ಇದನ್ನೆಲ್ಲ ಹೇಳಿದರೆ ಕೇಳುವವರು ಯಾರು?

ಗಡುವು ಬಂತಲ್ಲ, ಆತುರವೂ ಬಂತು. ಪೇಟೆಯ ಗ್ಯಾರೇಜಿನ ಪೇಂಟರ್ ಹಿಂದೆಯೇ ಎಚ್ಚರಿಸಿದ್ದರು: “ಮಳೆಯಲ್ಲಿ ಬಣ್ಣ ಹೊಡೀಬೇಡ, ಬಿಳುಚಿಕೊಳ್ಳುತ್ತೆ.” ಆಗಸ್ಟ್ 13ರ ಸಂಜೆ, ಹೊರಗೆ ಧೋ ಎಂದು ಸುರಿಯುತ್ತಿರುವಾಗ, ಹುಡುಗ ವರಾಂಡದಲ್ಲಿ ಕುಳಿತು ಕೆಂಪು ಸ್ಪ್ರೇ ಹೊಡೆದ. ಹತ್ತು ನಿಮಿಷದಲ್ಲಿ ಕೆಂಪು ಜಿಪ್ಸಿಯ ಮೇಲೆ ಬೂದಿ ಬಳಿದಂಥ ಬಿಳಿ ಪೊರೆ ಕವಿಯಿತು.

ಇದರ ಗುಟ್ಟು ಸರಳ. ಬಣ್ಣದಲ್ಲಿರುವ ಥಿನ್ನರ್ ಬೇಗನೆ ಆವಿಯಾಗುವಾಗ ಮೇಲ್ಮೈಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಮೇಲ್ಮೈ ತಣ್ಣಗಾದೊಡನೆ ಗಾಳಿಯಲ್ಲಿರುವ ತೇವ ಹನಿಗಟ್ಟಿ ಒಣಗದ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದಿಲ್ಲವೇ, ಹಾಗೆ. ಅದನ್ನು ಮುಚ್ಚಲೆಂದು ಹುಡುಗ ಮತ್ತೊಂದು ಪದರ ಹೊಡೆದ. ಬಿಳುಪು ಇನ್ನೂ ಹೆಚ್ಚಿತು. ಬಾಗಿಲಿನ ಸಂದು ನಿಜವಾದ ಗಾಡಿಯಲ್ಲಿ 5 ಮಿಲಿಮೀಟರ್ ಇದ್ದರೆ ಇಲ್ಲಿ 0.2 ಮಾತ್ರ. ಮೂರು ತಿಂಗಳು ಕೆತ್ತಿದ ಆ ಗೆರೆಗಳು ದಪ್ಪ ಬಣ್ಣದಡಿ ಹೂತುಹೋದವು.

ಹದಿನೈದರ ಸಂಜೆ ತಂದೆ ಅಟ್ಟದ ಏಣಿ ಹತ್ತಿ ನೋಡಿದರೆ ಜಿಪ್ಸಿ ಆಗಲೇ ಅಲ್ಲಿತ್ತು. ಹುಡುಗನೇ ಇಟ್ಟು ಬಂದಿದ್ದ. ತಂದೆ ಅದನ್ನು ಕೆಳಗೆ ತಂದು, ದೀಪದ ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದರು.

“ಇದೇನು ಬೂಷ್ಟು ಹಿಡಿದ ಹಾಗಿದೆ?”

“ಒಣಗಲಿಲ್ಲ ಅಪ್ಪ. ಮಳೆಯಲ್ಲಿ ಹೊಡೆದೆ.”

“ಮಳೆಯಲ್ಲಿ ಹೊಡೆಯಬಾರದು ಅಂತ ಗೊತ್ತಿತ್ತೋ?”

“ಗೊತ್ತಿತ್ತು. ನೀವು ಹದಿನೈದು ಅಂದಿರಿ.”

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಒಣಗಿಸುವುದೇ ಅವರ ಬದುಕು. ಕಣದಲ್ಲಿ ಹರವಿದ ರೋಬಸ್ಟಾ ಹಣ್ಣನ್ನು ದಿನಕ್ಕೆ ಹಲವು ಬಾರಿ ಕೈಯಾಡಿಸಿ, ರಾತ್ರಿ ಗುಡ್ಡೆ ಮಾಡಿ ಹೊದಿಸಿ, ತೇವ ಶೇಕಡ 11ಕ್ಕೆ ಇಳಿಯುವವರೆಗೆ ಕಾಯಬೇಕು. ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಸಾಲಗಾರ ಬಾಗಿಲಲ್ಲಿ ನಿಂತಿದ್ದಾನೆಂದು ಹಸಿ ಕಾಫಿಯನ್ನೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಇದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

“ಹಾಗಾದರೆ ತಪ್ಪು ಗಡುವಿನದ್ದು” ಎಂದರು ಕೊನೆಗೆ. “ಯಾವಾಗ ಒಣಗುತ್ತೆ?”

“ಡಿಸೆಂಬರಿನಲ್ಲಿ. ಕಾಫಿಯ ಜೊತೆಗೆ.”

ಅಲ್ಲಿಗೆ ಒಂದು ಒಪ್ಪಂದವಾಯಿತು. ಭಾನುವಾರ ಎರಡು ಗಂಟೆ ಜಿಪ್ಸಿಗೆ, ಉಳಿದ ದಿನ ಮುಟ್ಟುವಂತಿಲ್ಲ. ಕೆಟ್ಟ ಬಣ್ಣವನ್ನೆಲ್ಲ ವಾಟರ್ ಪೇಪರಿನಲ್ಲಿ ಉಜ್ಜಿ ತೆಗೆಯಲು ಎಂಟು ಭಾನುವಾರ ಹಿಡಿಯಿತು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತದಂದು, ತೋಕ್ ಪೂ ಮುಡಿಸಿದ ಕೋವಿಯ ಪಕ್ಕದಲ್ಲಿ ಅಜ್ಜ ಹುಡುಗನ ಪುಟ್ಟ ಕಟ್ಟರನ್ನೂ ಇಟ್ಟು ಗಂಧ ಹಚ್ಚಿದರು. ಯಾರೂ ನಗಲಿಲ್ಲ.

ಡಿಸೆಂಬರ್ ಕೊನೆಯ ವಾರ ಬಿಸಿಲು ಬಿತ್ತು. ಕಣದ ಒಂದು ಮೂಲೆಯಲ್ಲಿ, ಕೆಂಪು ಕಾಫಿ ಹಣ್ಣುಗಳ ಪಕ್ಕ, ಸ್ಟೂಲಿನ ಮೇಲೆ ಕೆಂಪು ಜಿಪ್ಸಿ ಒಣಗಿತು. ತೆಳು ಪದರ ಮೂರು, ಒಂದೊಂದರ ನಡುವೆ ಒಂದೊಂದು ದಿನ. ಆಮೇಲಿನದು ಸೂಕ್ಷ್ಮ ಕೆಲಸ, ಕೆಸರು ಹಚ್ಚುವುದು. ತೋಟದ ಮಣ್ಣನ್ನೇ ಹಚ್ಚಿದರೆ ಸರಿಯಲ್ಲವೇ ಎಂದರೆ, ಅಲ್ಲ. ಒಂದು ಮಿಲಿಮೀಟರ್ ಮರಳಿನ ಕಣ ಈ ಪ್ರಮಾಣದಲ್ಲಿ 24 ಮಿಲಿಮೀಟರಿನ, ಅಂದರೆ ನೆಲ್ಲಿಕಾಯಿ ಗಾತ್ರದ ಕಲ್ಲಾಗಿ ಕಾಣುತ್ತದೆ. ಮಣ್ಣನ್ನು ಅಮ್ಮನ ಹಳೆಯ ಸೀರೆಯಲ್ಲಿ ಜರಡಿ ಹಿಡಿದು, ಫೆವಿಕಾಲ್ ನೀರಿನಲ್ಲಿ ಕಲಸಬೇಕು. ಕೆಸರು ಎಲ್ಲೆಲ್ಲೋ ಅಂಟುವುದಿಲ್ಲ, ಚಕ್ರದ ಹಿಂದೆ ಹೆಚ್ಚು, ಬಾಗಿಲ ಕೆಳಗೆ ಹೆಚ್ಚು, ಗಾಜಿನ ಮೇಲೆ ವೈಪರ್ ಆಡಿದಷ್ಟು ಜಾಗ ಚೊಕ್ಕ. ಇದನ್ನು ಅರಿಯಲು ಹುಡುಗ ದಾರಿಯಲ್ಲಿ ಹೋಗುವ ಪ್ರತಿ ಗಾಡಿಯನ್ನೂ ನೋಡಿದ. ನೋಡುವುದೆಂದರೇನೆಂದು ಆಗಲೇ ಅವನಿಗೆ ತಿಳಿದದ್ದು.

ಈ ಹವ್ಯಾಸ ಹಿಡಿಸುವ ಮಕ್ಕಳ ಪೋಷಕರಿಗೆ ಎರಡು ಮಾತು. ಸ್ಪ್ರೇ ಹೊಡೆಯುವುದು ಬಯಲಿನಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿ, ಒಲೆಯಿಂದ ದೂರ. ಕಟ್ಟರ್ ಯಾವಾಗಲೂ ಮೈಯಿಂದ ಆಚೆಗೆ ಎಳೆಯಬೇಕು, ಚಿಕ್ಕವರಾದರೆ ಪಕ್ಕದಲ್ಲಿ ದೊಡ್ಡವರಿರಬೇಕು.

ಜಿಪ್ಸಿ ಕಟ್ಟಿದ್ದರಿಂದ ಹುಡುಗ ಗಣಿತದಲ್ಲಿ ನೂರಕ್ಕೆ ನೂರು ತೆಗೆದನೆಂದು ಬರೆದರೆ ಸುಳ್ಳಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಬಂದದ್ದು 68. ಅನುಪಾತದ ಲೆಕ್ಕ ಸರಿಹೋಗಿತ್ತು, ತ್ರಿಕೋನಮಿತಿ ಕೈಕೊಟ್ಟಿತ್ತು. ಅಂಕಪಟ್ಟಿಗೆ ಸಹಿಯ ಅಗತ್ಯವಿರಲಿಲ್ಲ. ಆದರೂ ತಂದೆ ಅದನ್ನು ಎರಡು ಸಲ ಓದಿ, ಮಡಚಿ, ಬೀರುವಿನಲ್ಲಿಟ್ಟರು. ಜಿಪ್ಸಿ ಅಟ್ಟಕ್ಕೆ ಹೋಗಲಿಲ್ಲ. ಕಾಫಿ ವ್ಯಾಪಾರಿಗಳು ಬಂದು ಕುಳಿತುಕೊಳ್ಳುವ ಜಗಲಿಯ ಗೂಡಿನಲ್ಲಿ ಅದು ನಿಂತಿದೆ. ಯಾರಾದರೂ ಕೈಗೆತ್ತಿಕೊಂಡು, “ಎಷ್ಟು ದಿನ ಹಿಡೀತು?” ಎಂದು ಕೇಳಿದರೆ ಹುಡುಗನಿಗಿಂತ ಮೊದಲು ಉತ್ತರ ಕೊಡುವವರು ತಂದೆ: “ಒಂದು ಮಳೆಗಾಲ, ಒಂದು ಬಿಸಿಲು.”