ಸರಾಯೆವೊದ ರೈಲ್ವೆ ತಂಡ

ನಿಮ್ಮ ಮನೆಯಲ್ಲಿಯೂ ಫುಟ್ಬಾಲ್ ಹುಚ್ಚು ಹಿಡಿದ ಒಬ್ಬ ಹುಡುಗ ಇರಬಹುದು. ಇಂಗ್ಲೆಂಡಿನ ಆಟಗಾರರ ಹೆಸರೆಲ್ಲ ಅವನಿಗೆ ಬಾಯಿಪಾಠ, ಹದಿಮೂರರ ಮಗ್ಗಿ ಮಾತ್ರ ಬಾರದು. 2002ರ ಆಗಸ್ಟಿನಲ್ಲಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡವು ಬೋಸ್ನಿಯಾದ ಒಂದು ತಂಡವನ್ನು ಅವರ ಊರಿನಲ್ಲಿ 1-0ಯಿಂದಲೂ ತನ್ನ ಊರಿನಲ್ಲಿ 4-0ಯಿಂದಲೂ ಸೋಲಿಸಿತು. ದಾಖಲೆಯಲ್ಲಿ ಅದು ಎರಡೇ ಸಾಲು. ಆ ಸೋತ ತಂಡದ ಊರಿಗೆ ಇಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಊರಿನ ಹೆಸರು ಸರಾಯೆವೊ. ತುರ್ಕಿ ಭಾಷೆಯಲ್ಲಿ ಸರಾಯ್ ಎಂದರೆ ಅರಮನೆ. ನಮ್ಮ ಮುಸಾಫಿರರು ತಂಗುವ ಸರಾಯಿಯೂ ಇದೇ ಮೂಲದ ಪದ. ನಡಿಗೆಯನ್ನು ಹಳೆಯ ಪೇಟೆ ಬಾಷ್‌ಚಾರ್ಶಿಯಾದಿಂದ ಶುರು ಮಾಡೋಣ. ಇಲ್ಲಿನ ಗಾಝಿ ಹುಸ್ರೆವ್ ಬೇಗ್ ಮಸೀದಿ 1530ರ ದಶಕದ ಆರಂಭದ್ದು. ಅದೇ ಗಾಝಿ 1537ರಲ್ಲಿ ಸ್ಥಾಪಿಸಿದ ಮದ್ರಸ ಇಂದಿಗೂ ನಡೆಯುತ್ತಿದೆ. ಮದ್ರಸದ ಚಾಪೆಯ ಮೇಲೆ ಕುಳಿತು ಓದಿದ ನನ್ನಂಥವರಿಗೆ ಇದೊಂದು ಸೋಜಿಗ. ಅಂಗಡಿಯಲ್ಲಿ ಕಾಫಿ ಕೇಳಿದರೆ ತಾಮ್ರದ ಹಿಡಿಕೆಪಾತ್ರೆಯಲ್ಲಿ ಕಾಯಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ಆ ಬಟ್ಟಲಿಗೆ ಫಿಲ್ಜಾನ್ ಎನ್ನುತ್ತಾರೆ. ಅರಬಿಯ ಫಿಂಜಾನ್ ಅಷ್ಟು ದೂರ ಹೋಗಿ ನೆಲೆಸಿದೆ. ಕೇರಿಗೆ ಅವರೂ ಮಹಲಾ ಎಂದೇ ಹೇಳುತ್ತಾರೆ.

ಕಾಫಿ ಮುಗಿಸಿ ಮಿಲ್ಯಾಟ್ಸ್ಕಾ ನದಿಯ ದಂಡೆ ಹಿಡಿದು ಪಶ್ಚಿಮಕ್ಕೆ ನಡೆಯಿರಿ. ಸ್ವಲ್ಪ ದೂರದಲ್ಲಿ ಒಂದು ಸೇತುವೆ ಸಿಗುತ್ತದೆ. ಅದಕ್ಕೆ ಇಬ್ಬರು ಹೆಣ್ಣುಮಕ್ಕಳ ಹೆಸರಿದೆ: ಸುಆದಾ ಮತ್ತು ಓಲ್ಗಾ. ಸುಆದಾ ವೈದ್ಯಕೀಯ ಓದುತ್ತಿದ್ದ ಮುಸ್ಲಿಂ ಯುವತಿ, ಓಲ್ಗಾ ಇಬ್ಬರು ಮಕ್ಕಳ ತಾಯಿ, ಕ್ರೈಸ್ತ ಸಮುದಾಯದವಳು. ಯುದ್ಧ ಬೇಡವೆಂದು ಹೊರಟ ಮೆರವಣಿಗೆಯಲ್ಲಿ ಇಬ್ಬರೂ ಈ ಸೇತುವೆಯ ಮೇಲೆ ಗುಂಡಿಗೆ ಬಲಿಯಾದರು. ಅದು 1992ರ ಏಪ್ರಿಲ್ 5. ಸರಾಯೆವೊದ ದಿಗ್ಬಂಧನ ಅಂದೇ ಶುರುವಾಯಿತು ಎಂದು ಲೆಕ್ಕ ಹಾಕುತ್ತಾರೆ.

ಸೇತುವೆ ದಾಟಿದರೆ ಗ್ರಬಾವಿತ್ಸ ಬಡಾವಣೆ. ಎತ್ತರದ ವಸತಿ ಕಟ್ಟಡಗಳ ನಡುವೆ ಒಂದು ಮೈದಾನ. ಅಂದು ಅಲ್ಲಿ ಬೆಲ್‌ಗ್ರೇಡಿನ ರಾಡ್ ತಂಡದೊಡನೆ ಪಂದ್ಯವಿತ್ತು. ಗುಂಡಿನ ಸದ್ದಿನಿಂದಾಗಿ ಆ ಪಂದ್ಯ ಪೂರ್ಣವಾಗಲೇ ಇಲ್ಲ. ಮೈದಾನದ ಒಡೆಯರು 1921ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ಝೆಲ್ಯೆಜ್ನಿಚಾರ್ ತಂಡದವರು. ಆ ಉದ್ದ ಹೆಸರಿನ ಅರ್ಥವೇ ರೈಲ್ವೆಯವನು ಎಂದು. ಊರವರು ಮುದ್ದಿನಿಂದ ಝೆಲ್ಯೊ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ, ನಾಲಿಗೆಗೂ ಸುಲಭ.

ಈ ಮೈದಾನಕ್ಕೆ ಹಳೆಯದೊಂದು ನೋವಿದೆ. 1985ರ ಯುಇಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಝೆಲ್ಯೊ ಹಂಗೇರಿಯ ವಿಡಿಯೊಟನ್ ತಂಡಕ್ಕೆ ಮೊದಲು ಅವರ ಊರಿನಲ್ಲಿ 3-1ರಿಂದ ಸೋತು ಬಂತು. ಮರುಪಂದ್ಯದಲ್ಲಿ 2-0 ಮುನ್ನಡೆ ಸಿಕ್ಕಿತು. ಒಟ್ಟು ಲೆಕ್ಕ ಸಮ, ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ. ಹೀಗೇ ಮುಗಿದರೆ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್! 87ನೇ ನಿಮಿಷದಲ್ಲಿ ವಿಡಿಯೊಟನ್‌ನ ಒಬ್ಬ ರಕ್ಷಣಾ ಆಟಗಾರ ಚೆಂಡನ್ನು ಬಲೆಗೆ ನೂಕಿದ. ಉಳಿದದ್ದು ಮೂರೇ ನಿಮಿಷ. ಅಲ್ಲಿಗೆ ಎಲ್ಲವೂ ಮುಗಿಯಿತು. ಅಂದು ತಂಡದ ತರಬೇತುದಾರ ಸರಾಯೆವೊದವರೇ ಆದ ಇವಿತ್ಸಾ ಓಸಿಮ್. ಮುಂದೆ ಯುಗೊಸ್ಲಾವಿಯಾ ತಂಡವನ್ನು ನಡೆಸುತ್ತಿದ್ದಾಗ, 1992ರ ಮೇ ತಿಂಗಳಿನಲ್ಲಿ, ತನ್ನ ಊರಿನ ಮೇಲೆ ಶೆಲ್ ಬೀಳುತ್ತಿರುವುದನ್ನು ಸಹಿಸದೆ ಕಣ್ಣೀರಿನೊಂದಿಗೆ ಹುದ್ದೆ ಬಿಟ್ಟರು. ಅವರ ಪತ್ನಿ ದಿಗ್ಬಂಧನದ ಊರಿನೊಳಗೇ ಸಿಲುಕಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ದಿಗ್ಬಂಧನ ನಡೆದದ್ದು 1,425 ದಿನ. ಗ್ರಬಾವಿತ್ಸ ಯುದ್ಧದ ಮುಂಚೂಣಿಯಲ್ಲಿತ್ತು. ಮೈದಾನದ ಮರದ ಗ್ಯಾಲರಿ ಸುಟ್ಟುಹೋಯಿತು, ಹುಲ್ಲಿನಡಿಯಲ್ಲಿ ನೆಲಬಾಂಬುಗಳು ಬಂದು ಕುಳಿತವು. 1996ರ ಮಾರ್ಚ್‌ನಲ್ಲಿ ಬಡಾವಣೆ ಮರಳಿ ಸಿಕ್ಕಿತು. ಮೇ 2ರಂದು ಅಲ್ಲಿ ಮತ್ತೆ ಪಂದ್ಯ ನಡೆಯಿತು, ಎದುರಾಳಿ ಅದೇ ಊರಿನ ಇನ್ನೊಂದು ತಂಡ. ನಡುವೆ ಇದ್ದದ್ದು ಆರೇ ವಾರ! ಸುಟ್ಟ ಮನೆಗೆ ಹೆಂಚು ಹೊದಿಸುವುದಕ್ಕೂ ಮೊದಲು ಜನ ಆಟದ ಗೆರೆ ಎಳೆದರು. ಇದನ್ನು ಹುಡುಗಾಟ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಈಗ 2002ಕ್ಕೆ ಬನ್ನಿ. ಐಸ್‌ಲ್ಯಾಂಡಿನ ಮತ್ತು ನಾರ್ವೆಯ ತಂಡಗಳನ್ನು ದಾಟಿ ಬಂದ ಝೆಲ್ಯೊಗೆ ನ್ಯೂಕ್ಯಾಸಲ್ ಎದುರಾಯಿತು. ತರಬೇತುದಾರ ಇವಿತ್ಸಾರ ಮಗ ಅಮರ್ ಓಸಿಮ್. ಎದುರು ಬದಿಯಲ್ಲಿ ಇಂಗ್ಲೆಂಡ್ ತಂಡವನ್ನೂ ಬಾರ್ಸಿಲೋನಾವನ್ನೂ ನಡೆಸಿದ ಅನುಭವಿ ಬಾಬಿ ರಾಬ್ಸನ್. ಅವರ ತಂಡದ ಅಲನ್ ಶಿಯರರ್ ಒಬ್ಬನಿಗೇ 1996ರಲ್ಲಿ ನ್ಯೂಕ್ಯಾಸಲ್ ಕೊಟ್ಟದ್ದು ಒಂದೂವರೆ ಕೋಟಿ ಪೌಂಡ್. 1996 ಎಂದರೆ ಗ್ರಬಾವಿತ್ಸದಲ್ಲಿ ನೆಲಬಾಂಬು ಹೆಕ್ಕುತ್ತಿದ್ದ ವರ್ಷ. ಇನ್ನು ಹೋಲಿಕೆಯ ಮಾತೆಲ್ಲಿ ಬಂತು?

ಆಗಸ್ಟ್ 14ರ ಪಂದ್ಯ ಗ್ರಬಾವಿತ್ಸದಲ್ಲಿ ಆಗಲಿಲ್ಲ, ಜನ ಹಿಡಿಸುವ ಕೊಶೆವೊ ಕ್ರೀಡಾಂಗಣದಲ್ಲಿ ಆಯಿತು. 1984ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಾದದ್ದು ಇಲ್ಲೇ. ಅದರ ಅಕ್ಕಪಕ್ಕದ ಬಯಲುಗಳಲ್ಲಿ ಈಗ ಬಿಳಿ ಮೀಝಾನ್ ಕಲ್ಲುಗಳ ಸಾಲು. ದಿಗ್ಬಂಧನದ ದಿನಗಳಲ್ಲಿ ಖಬರಸ್ಥಾನದಲ್ಲಿ ಜಾಗ ಸಾಲದೆ ಮಕ್ಕಳು ಆಡುತ್ತಿದ್ದ ಮೈದಾನವನ್ನೂ ದಫನಕ್ಕೆ ಬಳಸಿದರು. ಆ ಸಾಲುಗಳ ಪಕ್ಕದಿಂದಲೇ 30 ಸಾವಿರಕ್ಕೂ ಹೆಚ್ಚು ಮಂದಿ ಒಳಗೆ ಹೋದರು. ಮೊದಲರ್ಧ ಗೋಲಿಲ್ಲದೆ ಕಳೆಯಿತು. ಎರಡನೆಯ ಅರ್ಧದಲ್ಲಿ ಕಿಯೆರನ್ ಡಯರ್ ಒಂದು ಗೋಲು ಹೊಡೆದ. ಅಷ್ಟೇ. ಎರಡು ವಾರದ ನಂತರ ನ್ಯೂಕ್ಯಾಸಲ್‌ನಲ್ಲಿ ನಾಲ್ಕು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ದೊಡ್ಡವರು ದೊಡ್ಡವರಂತೆ ಆಡಿದರು.

ಆ ಹೊತ್ತಿಗೆ ಝೆಲ್ಯೊದ ಕಿರಿಯರ ತಂಡದಲ್ಲಿ 16 ವರ್ಷದ ಉದ್ದನೆಯ ಹುಡುಗನೊಬ್ಬನಿದ್ದ, ಎಡಿನ್ ಝೆಕೊ. 2005ರಲ್ಲಿ ಕ್ಲಬ್ಬು ಅವನನ್ನು ಚೆಕ್ ದೇಶದ ಒಂದು ತಂಡಕ್ಕೆ 25 ಸಾವಿರ ಯೂರೊಗೆ ಮಾರಿತು. ಲಾಟರಿ ಹೊಡೆದಂತಾಯಿತು ಎಂದು ಕ್ಲಬ್ಬಿನವರು ಹಿಗ್ಗಿದರಂತೆ, ಪಾಪ. ಮುಂದೆ ಮ್ಯಾಂಚೆಸ್ಟರ್ ಸಿಟಿ ಅವನಿಗೆ ಕೋಟಿಗಟ್ಟಲೆ ಪೌಂಡ್ ಸುರಿಯಿತು. 2012ರಲ್ಲಿ ಲೀಗ್ ಗೆಲ್ಲುವ ದಿನ ಕೊನೆಯ ಕ್ಷಣಗಳಲ್ಲಿ ಸಮಬಲದ ಗೋಲು ಹೊಡೆದದ್ದು ಅವನೇ. ನಿಮ್ಮ ಮನೆಯ ಹುಡುಗನಿಗೆ ಆ ಗೋಲು ಗೊತ್ತಿರುತ್ತದೆ, ಕೇಳಿ ನೋಡಿ.

ಅವನಿಗೆ ಬಹುಶಃ ಗೊತ್ತಿರದ ಒಂದು ಸಂಗತಿಯನ್ನು ನೀವು ಹೇಳಬಹುದು. ದಿಗ್ಬಂಧನದ ಕಾಲದಲ್ಲಿ ಒಂದು ದಿನ ಪುಟ್ಟ ಎಡಿನ್ ಗೆಳೆಯರೊಂದಿಗೆ ಆಡಲು ಹೊರಗೆ ಹೋಗುತ್ತೇನೆಂದು ಹಠ ಹಿಡಿದ. ತಾಯಿಗೆ ಏನನ್ನಿಸಿತೋ, ಇಂದು ಬೇಡ ಎಂದು ಬಾಗಿಲಲ್ಲೇ ತಡೆದರು. ಸ್ವಲ್ಪ ಹೊತ್ತಿನಲ್ಲಿ, ಅವರು ಆಡುತ್ತಿದ್ದ ಜಾಗದ ಮೇಲೆ ಶೆಲ್ ಬಿತ್ತು. ತಾಯಿಯೇ ತನ್ನ ಪ್ರಾಣ ಉಳಿಸಿದ್ದೆಂದು ದೊಡ್ಡ ಆಟಗಾರನಾದ ಮೇಲೂ ಅವನು ಹೇಳಿಕೊಂಡಿದ್ದಾನೆ.