ಓಗೊಡುವ ಯಂತ್ರಗಳು

ಕೂಗಿದವರಿಗೆ ಓಗೊಡುವುದು ಕನ್ನಡ ಬದುಕಿನ ಹಳೆಯ ಮರ್ಯಾದೆ. ಕಾಸರಗೋಡಿನ ಕಡೆ ಮನೆಯಂಗಳದಿಂದ ಅಡಕೆ ತೋಟದತ್ತ ಕೂಗು ಹಾಕಿದರೆ, ಮರಗಳ ಮರೆಯಿಂದ ‘ಓ’ ಎಂಬ ಮರುದನಿ ಬರಬೇಕು. ಆ ಒಂದಕ್ಷರದಲ್ಲಿ ವಾರ್ತೆಯೇನೂ ಇಲ್ಲ. ‘ಇದ್ದೇನೆ, ಕೇಳಿಸಿತು’ ಎಂಬ ಭರವಸೆಯಷ್ಟೇ ಇದೆ. ಕೂಗಿದವರ ಮನಸ್ಸು ನಿರಾಳವಾಗಲು ಅಷ್ಟು ಸಾಕು.

ಕಂಪ್ಯೂಟರ್ ಜಾಲಗಳ ಮೇಲ್ವಿಚಾರಣೆಯೂ ಬುಡದಲ್ಲಿ ಇಂಥ ಕೂಗು ಮತ್ತು ಓಗೊಡುವಿಕೆಯೇ ಆಗಿದೆ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಬರೆದ ‘ಪಿಂಗ್’ ಎಂಬ ಪುಟ್ಟ ತಂತ್ರಾಂಶ ದೂರದ ಯಂತ್ರಕ್ಕೊಂದು ಕರೆ ಕಳುಹಿಸಿ, ಮರುದನಿ ಬರಲು ಹಿಡಿದ ಸಮಯವನ್ನು ಅಳೆಯುತ್ತದೆ. ಜಲಾಂತರ್ಗಾಮಿಗಳ ಸೋನಾರ್ ಹೊರಡಿಸುವ ಸದ್ದೇ ಅದರ ಹೆಸರಾಯಿತು. 1988ರಲ್ಲಿ ‘ಎಸ್‌ಎನ್‌ಎಂಪಿ’ ಎಂಬ ನಿಯಮಾವಳಿ ಪ್ರಕಟವಾದ ಮೇಲೆ ಪ್ರಶ್ನೆಗಳು ವಿಸ್ತಾರಗೊಂಡವು. ಎಷ್ಟು ಹೊತ್ತಿನಿಂದ ಎಚ್ಚರವಾಗಿರುವೆ, ಯಾವ ಕಿಂಡಿಯಿಂದ ಎಷ್ಟು ದತ್ತಾಂಶ ಹಾದುಹೋಯಿತು ಎಂದು ಕೇಂದ್ರವು ಕೇಳುತ್ತದೆ. ರೌಟರು, ಸ್ವಿಚ್ಚುಗಳು ಉತ್ತರಿಸುತ್ತವೆ. ಆಪತ್ತು ಬಂದಾಗ ಕೇಳುವವರೆಗೆ ಕಾಯದೆ ಸಾಧನವೇ ಕೂಗಿಕೊಳ್ಳುವ ಏರ್ಪಾಡೂ ಅದರಲ್ಲಿದೆ.

ಈ ಉತ್ತರಗಳೆಲ್ಲ ಒಂದೇ ಪರದೆಯ ಮೇಲೆ ಬಂದು ಕೂಡುವ ತಾಣವೇ ಡ್ಯಾಶ್‌ಬೋರ್ಡ್. ಕುದುರೆಗಾಡಿಯ ಕಾಲದಲ್ಲಿ, ಗೊರಸಿನಿಂದ ಚಿಮ್ಮುವ ಕೆಸರು ಸಾರಥಿಯ ಮೈಗೆ ತಾಗದಂತೆ ಮುಂದೆ ಕಟ್ಟುತ್ತಿದ್ದ ಹಲಗೆಗೆ ಈ ಹೆಸರಿತ್ತು. ಇಂದಿನ ಹಲಗೆಯೂ ಅದರ ಮುಂದೆ ಕುಳಿತವನನ್ನು ಬಹಳಷ್ಟು ಓಡಾಟದಿಂದ ಕಾಪಾಡುತ್ತದೆ. ಮಹಡಿ ಮಹಡಿ ಹತ್ತಿ ಒಂದೊಂದೇ ಪೆಟ್ಟಿಗೆಯ ದೀಪವನ್ನು ನೋಡಬೇಕಾಗಿದ್ದವನು ಈಗ ಕುಳಿತಲ್ಲಿಂದಲೇ ನೂರಾರು ಸಾಧನಗಳ ಕ್ಷೇಮವನ್ನು ವಿಚಾರಿಸಬಲ್ಲ; ಒಂದೇ ಆಜ್ಞೆಯಿಂದ ಅವುಗಳ ನಡೆಯನ್ನು ತಿದ್ದಬಲ್ಲ. ಇದು ಸಣ್ಣ ಉಪಕಾರವಲ್ಲ.

ಆದರೆ ಹಲಗೆ ಕೆಸರಿನೊಡನೆ ದಾರಿಯನ್ನೂ ಸ್ವಲ್ಪ ಮರೆಮಾಡುತ್ತದೆ. ಅನೇಕ ವ್ಯವಸ್ಥೆಗಳು ಐದು ನಿಮಿಷಕ್ಕೊಮ್ಮೆ ಲೆಕ್ಕ ಕೇಳಿ ಸರಾಸರಿಯನ್ನು ಚಿತ್ರಿಸುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸಬಲ್ಲ ತಂತಿ 30 ಸೆಕೆಂಡು ತುಂಬಿ ತುಳುಕಿ, ಉಳಿದ ನಾಲ್ಕೂವರೆ ನಿಮಿಷ ಬರಿದಾಗಿದ್ದರೆ ನಕ್ಷೆಯಲ್ಲಿ ಕಾಣುವುದು 10 ಮೆಗಾಬಿಟ್ ಮಾತ್ರ. ಪರದೆಯ ಮೇಲೆ ಹಸಿರು ಬಣ್ಣ, ತಂತಿಯಲ್ಲಿ ಧಾರಾಳ ಜಾಗ. ಆ 30 ಸೆಕೆಂಡುಗಳಲ್ಲೇ ಕಡೆಯ ದಿನದ ಅರ್ಜಿಯೊಂದು ಸಿಕ್ಕಿಕೊಂಡಿದ್ದರೆ, ಆ ವಿದ್ಯಾರ್ಥಿನಿಯ ಕಳವಳ ಯಾವ ಗೆರೆಯಲ್ಲೂ ಮೂಡುವುದಿಲ್ಲ. ಇದಕ್ಕೆ ವಿರುದ್ಧವಾಗಿ, ದಾರಿಯ ನಡುವಿನ ಒಂದೇ ಸ್ವಿಚ್ಚು ಕೆಟ್ಟರೆ ಅದರಾಚೆಯ ನಲವತ್ತು ಸಾಧನಗಳೂ ಕೆಂಪಾಗಬಹುದು. ಅವು ಸತ್ತಿಲ್ಲ, ಅವುಗಳ ದನಿ ಬರುವ ದಾರಿ ಸತ್ತಿದೆ. ಮೌನಕ್ಕೆ ಒಂದೇ ಅರ್ಥವಿಲ್ಲವೆಂಬುದು ಕಾವ್ಯದ ವಿದ್ಯಾರ್ಥಿಗಳಿಗೆ ಹೊಸ ಪಾಠವಲ್ಲ.

ಕೇಂದ್ರದ ಕೈ ಎಷ್ಟು ಉದ್ದವೋ ಅದರ ತಪ್ಪೂ ಅಷ್ಟೇ ಉದ್ದ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಬೆನ್ನೆಲುಬು ಜಾಲದ ಸಾಮರ್ಥ್ಯವನ್ನು ಅಳೆಯಲೆಂದು ಕೊಟ್ಟ ಆಜ್ಞೆಯೊಂದು ಅದರ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಬೇಕಾಗಿದ್ದ ತಪಾಸಣಾ ತಂತ್ರಾಂಶದಲ್ಲೂ ದೋಷವಿತ್ತು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳೂ ಸೇರಿ ಎಲ್ಲವೂ ಸುಮಾರು ಆರು ಗಂಟೆ ಸ್ತಬ್ಧವಾದವು. ದೂರದಿಂದ ಸರಿಪಡಿಸುವ ಸಲಕರಣೆಗಳು ಕೂಡ ಅದೇ ಜಾಲವನ್ನು ನೆಚ್ಚಿದ್ದವು. ಕೊನೆಗೆ ಎಂಜಿನಿಯರುಗಳು ಯಂತ್ರಗಳಿದ್ದಲ್ಲಿಗೇ ಹೋಗಬೇಕಾಯಿತು. ಅಲ್ಲಿನ ಬಿಗಿ ಭದ್ರತೆಯಿಂದಾಗಿ ಒಳಹೋಗಿ ಕೆಲಸ ಮಾಡುವುದಕ್ಕೂ ಹೊತ್ತು ಹಿಡಿಯಿತು.

ಅನುಭವಿ ಮೇಲ್ವಿಚಾರಕರು ಆದ್ದರಿಂದಲೇ ಮುಖ್ಯ ಜಾಲಕ್ಕೆ ಹೊರತಾದ ಇನ್ನೊಂದು ದಾರಿಯನ್ನು ಇಟ್ಟುಕೊಂಡಿರುತ್ತಾರೆ. ಯಾವ ಕಪಾಟಿನಲ್ಲಿ ಯಾವ ಪೆಟ್ಟಿಗೆಯಿದೆ, ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಕಾಗದದಲ್ಲೂ ಬರೆದಿಡುತ್ತಾರೆ. ಹಸಿರು ದೀಪವನ್ನು ಕಂಡ ಮೇಲೂ ಒಮ್ಮೊಮ್ಮೆ ಎದ್ದುಹೋಗಿ, ಜಾಲದ ತುದಿಯಲ್ಲಿ ಕುಳಿತವರನ್ನು ‘ಕೆಲಸ ಸಾಗುತ್ತಿದೆಯೇ?’ ಎಂದು ಕೇಳುತ್ತಾರೆ. ತೋಟದಿಂದ ಬಂದ ‘ಓ’ದಲ್ಲಿ ದಣಿವಿದೆಯೋ ನೋವಿದೆಯೋ ಎಂಬುದನ್ನು ಅಂಗಳದಲ್ಲಿ ನಿಂತ ತಾಯಿ ದನಿಯಿಂದಲೇ ಅರಿಯುತ್ತಾಳೆ. ಯಂತ್ರದ ಮರುದನಿಗೆ ಆ ಕೊರಳಿಲ್ಲ. ಅದು ಹೇಳದೆ ಬಿಟ್ಟದ್ದನ್ನು ಹೋಗಿ ಕೇಳಿ ತಿಳಿಯುವ ಹೊಣೆ ಪರದೆಯ ಮುಂದೆ ಕುಳಿತವರದೇ.