ಮಂಗ ಹಿಟಿಯ ಶನಿವಾರಗಳು

ನೇಪಾಳದಲ್ಲಿ ವಾರದ ರಜೆ ಶನಿವಾರ. ನಾನಿದ್ದಾಗ ಭಾನುವಾರ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುತ್ತಿತ್ತು. ಮೂವತ್ತೊಂದು ವರ್ಷ ಶಿವಮೊಗ್ಗ ಸೀಮೆಯ ಹೈಸ್ಕೂಲುಗಳಲ್ಲಿ ಗಣಿತ ಹೇಳಿ, ಭಾನುವಾರವೆಂದರೆ ತಲೆಗೆ ಎಣ್ಣೆ ಹಚ್ಚಿ ನೀರೆರೆದುಕೊಳ್ಳುವ ದಿನವೆಂದೇ ಇದ್ದ ನನಗೆ ಇದು ಒಗ್ಗಲು ಮೂರು ವಾರ ಹಿಡಿಯಿತು. ಗಡಿಯಾರವೂ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಆದರೆ ಒಗ್ಗಿದ ಮೇಲೆ, ಶುಕ್ರವಾರ ಅರ್ಧ ದಿನದ ಶಾಲೆ ಮುಗಿಯುತ್ತಿದ್ದಂತೆ ಕಾಲು ತಾನಾಗಿ ಚಡಪಡಿಸತೊಡಗುತ್ತಿತ್ತು. ನಾಳೆ ಯಾವ ಓಣಿ?

2019ರ ಏಪ್ರಿಲ್‌ನಲ್ಲಿ, ಅಲ್ಲಿನ ಶಾಲಾ ವರ್ಷ ಶುರುವಾಗುವ ವೈಶಾಖಕ್ಕೆ ಸರಿಯಾಗಿ, ಕಠ್ಮಂಡುವಿನಿಂದ ಬಾಗಮತಿ ನದಿ ದಾಟಿದರೆ ಸಿಗುವ ಪಾಟನ್ ಪಟ್ಟಣಕ್ಕೆ ಹೋದೆ. ಅಲ್ಲಿನ ಸರ್ಕಾರಿ ಶಾಲೆಯೊಂದರ ಆರು, ಏಳನೆಯ ತರಗತಿಗಳಿಗೆ ಮೂರು ತಿಂಗಳು ಸಂಬಳವಿಲ್ಲದೆ ಗಣಿತ ಹೇಳುವ ಕೆಲಸ. ಮಕ್ಕಳನ್ನು ನೋಡಿಕೊಳ್ಳುವ ಆಶ್ರಮಗಳಿಗೂ ಬರಬಹುದೆಂದು ಕೆಲವರು ಹೇಳಿದ್ದರು. ಹೆತ್ತವರಿರುವ ಮಕ್ಕಳನ್ನೇ ಅನಾಥರೆಂದು ತೋರಿಸಿ ಹೊರದೇಶದವರಿಂದ ಹಣ ಎತ್ತುವ ದಂಧೆಯ ಸುದ್ದಿ ಓದಿದ್ದೆನಾದ್ದರಿಂದ ಬೇಡವೆಂದೆ. ಊರಿನಲ್ಲಿ ಮಾಡಿ ಬಲ್ಲ ಕೆಲಸವನ್ನಷ್ಟೇ ಪರದೇಶದಲ್ಲೂ ಮಾಡಬೇಕು, ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಉಳಿದುಕೊಂಡದ್ದು ಕಠ್ಮಂಡು ಕಣಿವೆಯ ಮೂಲ ನಿವಾಸಿಗಳಾದ ನೇವಾರರ ಒಂದು ಮನೆಯಲ್ಲಿ. ಇಟ್ಟಿಗೆಯ ಹಳೇ ಮನೆ, ಏಣಿಯಂಥ ಮರದ ಮೆಟ್ಟಿಲು, ಅಡುಗೆಮನೆ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ. ನೇವಾರರ ಪದ್ಧತಿಯೇ ಹಾಗೆ. ಕರ್ನಾಟಕದವಳೆಂದು ತಿಳಿದಾಗ ಮನೆಯ ಹಿರಿಯಾಕೆಯ ಮುಖ ಅರಳಿತು. "ಪಶುಪತಿನಾಥನ ಭಟ್ಟರ ಊರು!" ಆ ದೇವಸ್ಥಾನದ ಅರ್ಚಕರು ನಮ್ಮ ಕಡೆಯಿಂದ ಹೋದವರೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆಕೆಯನ್ನು ನಾನು ದಿದಿ, ಅಂದರೆ ಅಕ್ಕ, ಎಂದೆ; ಆಕೆ ನನ್ನನ್ನು ಬಹಿನಿ, ತಂಗಿ, ಎಂದರು.

ಮೊದಲ ಶನಿವಾರ ಬೆಳಿಗ್ಗೆ ಐದಕ್ಕೇ ದಿದಿ ಕೊಡ ಹಿಡಿದು ಇಳಿಯುವುದನ್ನು ಕಂಡು ನಾನೂ ಒಂದು ಕೊಡ ಎತ್ತಿಕೊಂಡು ಹಿಂದೆ ಹೋದೆ. ಪಾಟನ್ನಿನ ಹಳೆಯ ಅರಮನೆಯ ಚೌಕದಲ್ಲಿ ಇನ್ನೂ ಮಬ್ಬು. 2015ರ ಭೂಕಂಪದಲ್ಲಿ ಉರುಳಿದ್ದ ಗುಡಿಗಳ ಸುತ್ತ ಕಟ್ಟೋಣದ ಬಿದಿರು. 1637ರಲ್ಲಿ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕಲ್ಲಿನ ಕೃಷ್ಣಮಂದಿರ ಉರುಳದೆ ನಿಂತಿತ್ತು. ದಿದಿ ಅದರತ್ತ ಕೈಮುಗಿದು ಚೌಕದ ಉತ್ತರದ ಅಂಚಿಗೆ ನಡೆದರು. ಅಲ್ಲಿ ನೆಲ ಬಾಯ್ದೆರೆದು ಮೆಟ್ಟಿಲು ಕೆಳಗಿಳಿದಿತ್ತು.

ಇಳಿದೆ. ನಮ್ಮ ಕಲ್ಯಾಣಿಯ ಹಾಗೆಯೇ ಮೆಟ್ಟಿಲು, ಆದರೆ ಕೆಳಗೆ ನಿಂತ ನೀರಿಲ್ಲ. ಗೋಡೆಯಿಂದ ಚಾಚಿದ ಮೂರು ಕಲ್ಲಿನ ಬಾಯಿಗಳಿಂದ ನೀರು ಸುರಿಯುತ್ತಿದೆ, ಹಗಲಿರುಳೂ, ನಲ್ಲಿಯಿಲ್ಲ, ತಿರುಪಿಲ್ಲ. ಬಾಯಿಗಳು ಮಕರದವು. ಬೇಲೂರು ಹಳೇಬೀಡುಗಳ ತೋರಣದಲ್ಲಿ ಕಂಡ ಅದೇ ಸುರುಳಿ ಸೊಂಡಿಲು. ಇದರ ಹೆಸರು ಮಂಗ ಹಿಟಿ. ಹಿಟಿ ಎಂದರೆ ನೇವಾರಿಯಲ್ಲಿ ನೀರಿನ ಧಾರೆ. ಮಂಗ ಅಲ್ಲಿ ಕೋತಿಯಲ್ಲ, ಮಕರ. ಲಿಚ್ಛವಿ ದೊರೆ ಮಾನದೇವನ ಮೊಮ್ಮಗ ಭಾರವಿ ಎಂಬವನು ಇದನ್ನು ಕಟ್ಟಿಸಿದ್ದು ಕ್ರಿ.ಶ. 570ರಲ್ಲಿ. ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದು. ಅದಕ್ಕಿಂತ ಎಂಟು ವರ್ಷ ಹಳೆಯ ನೀರಿನಲ್ಲಿ ನಾನು ಮುಖ ತೊಳೆದೆ.

ಅಂದಿನಿಂದ ನನ್ನ ಶನಿವಾರಗಳು ಹಿಟಿಗಳ ಪಾಲಾದವು. ಕಣಿವೆಯಲ್ಲಿ ಇಂಥವು ನೂರಾರು ಇವೆ. ಪಾಟನ್ನಿನ ಓಣಿಗಳು ನೇರ ಹೋಗುವುದಿಲ್ಲ. ತಗ್ಗು ಬಾಗಿಲಿನಲ್ಲಿ ಬಗ್ಗಿ ನುಸುಳಿದರೆ ಬಹಾಲ್ ಎಂಬ ದೊಡ್ಡ ಅಂಗಳ, ನಡುವೆ ಚೈತ್ಯ, ಬಿಸಿಲಿಗೆ ಹರವಿದ ಮೆಣಸಿನಕಾಯಿ, ಅಜ್ಜನ ಕಾಲಿಗೆ ಎಣ್ಣೆ ತಿಕ್ಕುವ ಮೊಮ್ಮಗಳು. ಇನ್ನೊಂದು ಬಾಗಿಲು ದಾಟಿದರೆ ಇನ್ನೊಂದು ಅಂಗಳ. ದಾರಿ ತಪ್ಪಿದಾಗ ನೀರಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಐದು ಮಾಡಿನ ಕುಂಭೇಶ್ವರದ ಹತ್ತಿರ ಕೋಂಟಿ ಹಿಟಿ, ಅಲ್ಲಿ ಕೊಡಗಳ ಸಾಲು. ಕೆಲವು ಹಿಟಿಗಳಲ್ಲಿ ಮಕರದ ಕೆಳಗೆ ಪುಟ್ಟ ಭಗೀರಥ ಕೂತಿರುತ್ತಾನೆ. ಗಂಗೆಯನ್ನು ತಂದವನನ್ನು ಇಷ್ಟು ಸರಿಯಾದ ಜಾಗದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಕಾಲು ನೊಂದರೆ ಕೂರಲು ಬೀದಿಬದಿಯಲ್ಲಿ ಪಾಟಿ ಉಂಟು, ನಮ್ಮ ಜಗಲಿಯಂಥ ಮಾಡಿನ ಕಟ್ಟೆ. ಚಹಾ ತರಿಸಿಕೊಂಡು ಒಂದು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ.

ನೀರು ಬರುವ ದಾರಿ ತಿಳಿದ ಮೇಲೆ ಆ ನಡಿಗೆಯ ರುಚಿಯೇ ಬೇರೆಯಾಯಿತು. ದಕ್ಷಿಣದ ಬೆಟ್ಟದ ತಪ್ಪಲಿನಿಂದ ರಾಜಕುಲೋ ಎಂಬ ಕಾಲುವೆ ನೀರನ್ನು ಊರ ಮೇಲ್ಭಾಗದ ಕೆರೆಗಳಿಗೆ ತರುತ್ತಿತ್ತು. ಕೆರೆ ನೀರು ನೆಲಕ್ಕಿಳಿದು, ಜಲ್ಲಿ, ಮರಳು, ಇದ್ದಿಲಿನ ಪದರಗಳಲ್ಲಿ ಸೋಸಿ, ನೆಲದಡಿಯ ತೂಬಿನಲ್ಲಿ ಹಿಟಿಯ ಬಾಯಿಗೆ ಬರುತ್ತದೆ. ಒಂದರಲ್ಲಿ ಹೆಚ್ಚಾದದ್ದು ಇನ್ನೊಂದಕ್ಕೆ, ಅಲ್ಲಿಂದ ಗದ್ದೆಗೆ. ನೆಲದಡಿಯ ಈ ನೀರು ತಾನಾಗಿ ಹರಿದು ಬರಲೆಂದೇ ಹಿಟಿಗಳು ನೆಲಮಟ್ಟಕ್ಕಿಂತ ಕೆಳಗಿರುವುದು. ಈಗ ಕಾಲುವೆಗಳು ತುಂಡಾಗಿವೆ, ಕೆರೆಗಳ ಮೇಲೆ ಕಟ್ಟಡಗಳೆದ್ದಿವೆ, ಆಳದ ಅಡಿಪಾಯಗಳು ನೀರಿನ ಎಳೆಗಳನ್ನು ಕಡಿದಿವೆ. ಒಣಗಿದ ಬಾಯಿಯೆದುರು ನಿಂತಾಗ ನಮ್ಮೂರಿನ ಹೂಳು ತುಂಬಿದ ಕೆರೆ ನೆನಪಾಗಿ ಗಂಟಲು ಕಟ್ಟುತ್ತಿತ್ತು. ಆದರೆ ಆಲ್ಕೋ ಹಿಟಿಯ ಕೇರಿಯವರು ಹರಿದು ಹೋಗುತ್ತಿದ್ದ ನೀರನ್ನು ತೊಟ್ಟಿಯಲ್ಲಿ ಹಿಡಿದು ಮನೆಮನೆಗೆ ಹಂಚುತ್ತಿದ್ದರು. ಅದನ್ನು ನೋಡಲು ಎರಡು ಸಲ ಹೋದೆ.

ತರಗತಿಯಲ್ಲಿ ತೊಟ್ಟಿ-ನಲ್ಲಿಯ ಲೆಕ್ಕ ಬಂತು. ಒಂದು ನಲ್ಲಿ ಆರು ಗಂಟೆಯಲ್ಲಿ ತುಂಬಿಸಿದರೆ, ಇನ್ನೊಂದು ನಾಲ್ಕರಲ್ಲಿ. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದದ್ದೇ. ಈ ಸಲ ಹತ್ತು ಲೀಟರಿನ ಕ್ಯಾನು, ಗಡಿಯಾರ ಹಿಡಿಸಿ ಮಕ್ಕಳನ್ನು ಹಿಟಿಗೆ ಕರೆದೊಯ್ದೆ. ಒಂದೊಂದು ಧಾರೆಗೂ ಎಷ್ಟು ಸೆಕೆಂಡು ಎಂದು ಬರೆದರು. ಲೆಕ್ಕದಲ್ಲಿ ಸದಾ ಹಿಂದೆ ಬೀಳುತ್ತಿದ್ದ ಹುಡುಗಿಯೊಬ್ಬಳು ಅಳೆಯುವ ಮೊದಲೇ ಹೇಳಿದಳು: "ಮಿಸ್, ನಡುವಿನದು ಮಳೆಗಾಲದಲ್ಲಿ ಬೇಗ ತುಂಬುತ್ತೆ, ಈಗ ಎಡಗಡೆಯದು." ದಿನಾ ನೀರು ಹೊರುವವಳು ಅವಳು. ಅಂದು ಅವಳೇ ಗುಂಪಿನ ನಾಯಕಿ.

ಜ್ಯೇಷ್ಠ ಶುದ್ಧ ಷಷ್ಠಿ ಆ ವರ್ಷ ಶನಿವಾರವೇ ಬಿದ್ದಿತು. ನೇವಾರರಿಗೆ ಅದು ಸಿಠಿ ನಖ, ಕುಮಾರಸ್ವಾಮಿಯ ಹಬ್ಬ; ಮಳೆಗೆ ಮುಂಚೆ ಬಾವಿ, ಹಿಟಿ, ಕೆರೆಗಳನ್ನು ಶುಚಿ ಮಾಡುವ ದಿನ. ಬಾವಿಗಿಳಿದವರು ಬುಟ್ಟಿ ಬುಟ್ಟಿ ಕೆಸರು ಮೇಲೆ ಕಳಿಸುತ್ತಿದ್ದರು, ನಾವು ಕೈಯಿಂದ ಕೈಗೆ ದಾಟಿಸಿದೆವು. ಸೀರೆ ಮೊಣಕಾಲಿನವರೆಗೆ ಕೆಸರು. ಮಧ್ಯಾಹ್ನ ದಿದಿ ಉದ್ದು ರುಬ್ಬಿ, ಶುಂಠಿ ಸೇರಿಸಿ, ಕಾವಲಿಯ ಮೇಲೆ ದಪ್ಪಗೆ ಹುಯ್ದು 'ವೋ' ಬೇಯಿಸಿದರು. ನಮ್ಮ ವಡೆಗೂ ದೋಸೆಗೂ ನಡುವಿನ ರುಚಿ. ಆರು ತಿಂದೆ.

"ಇನ್ನು ನೀನು ಈ ಟೋಲಿನವಳು," ಎಂದರು ದಿದಿ. ಟೋಲ್ ಎಂದರೆ ಕೇರಿ.

ಪಾಟನ್ನಿಗೆ ನೀವು ಹೋಗುವುದಾದರೆ ಬೆಳಗಿನ ಐದೂವರೆಗೆ ಮಂಗ ಹಿಟಿಯ ಮೆಟ್ಟಿಲಿಳಿಯಿರಿ. ಫೋಟೋ ಆಮೇಲೆ ತೆಗೆದುಕೊಳ್ಳಿ. ಕೊಡ ಹಿಡಿದು ನಿಂತವರಿಗೆ ಮೊದಲು ದಾರಿ ಬಿಡಿ.